ಹಬ್ಬದ ದಿನವೇ ಅರಳಬೇಕಾದ ಹೂವು

ಹಾಂಗ್‌ಕಾಂಗ್‌ಗೆ ಬಂದ ಹೊಸತರಲ್ಲಿ, ಪಕ್ಕದ ಮನೆಯ ಅಜ್ಜಿ ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳಿದ್ದಾರೆಂದು ತಿಳಿದು, ಅವರನ್ನು ನೋಡಿಬರಲು ಬಿಳಿ ಮತ್ತು ಹಳದಿ ಸೇವಂತಿಗೆಯ ದೊಡ್ಡದೊಂದು ಕಟ್ಟನ್ನು ಹಿಡಿದು ಹೋಗಿದ್ದೆ. ನಮ್ಮ ಕಡೆ ಸೇವಂತಿಗೆಯೆಂದರೆ ದೇವರ ಪಟಕ್ಕೂ ಹೆಣ್ಣುಮಕ್ಕಳ ಜಡೆಗೂ ಸಲ್ಲುವ ಮಂಗಳದ ಹೂವು. ಕೋಲೂರಿಕೊಂಡು ಬಾಗಿಲಿಗೆ ಬಂದ ಅಜ್ಜಿ ಬೇಸರ ತೋರಲಿಲ್ಲ; ನನ್ನ ಕೈಹಿಡಿದು ಒಳಗೆ ಕರೆದರು. ಹೂವಿನ ಕಟ್ಟು ಮಾತ್ರ ಹೊಸ್ತಿಲಾಚೆಯ ಚಪ್ಪಲಿ ಗೂಡಿನ ಮೇಲೆಯೇ ಉಳಿಯಿತು. ಆ ಬಣ್ಣಗಳ ಸೇವಂತಿಗೆಯನ್ನು ಅಲ್ಲಿ ಸಾವಿನ ಮನೆಗೆ ಒಯ್ಯುತ್ತಾರೆಂಬುದನ್ನು ಒಂದು ವಾರದ ನಂತರ ಅವರೇ ನನಗೆ ತಿಳಿಸಿ ಹೇಳಿದರು. ಮನೆಯಲ್ಲಿ ಯಾವುದು ಯಾವ ದಿಕ್ಕಿಗಿದ್ದರೆ ಶುಭವೆಂದು ನೋಡುವ ಚೀನೀ ಪದ್ಧತಿಯಾದ ಫೆಂಗ್ ಶುಯಿಯಲ್ಲಿ ಹೂವುಗಳ ಸ್ಥಾನವೇನು ಎಂಬುದರ ಬಗ್ಗೆ ನಾನು ಕಲಿತದ್ದರಲ್ಲಿ ಹೆಚ್ಚಿನ ಪಾಲು ಆ ಅಜ್ಜಿಯಿಂದಲೇ ಬಂದದ್ದು. ಅವರನ್ನು ನಮ್ಮ ಮಹಡಿಯವರೆಲ್ಲ ಕರೆಯುವಂತೆ ನಾನೂ ‘ಪೋಪೋ’ ಎಂದೇ ಕರೆಯುತ್ತೇನೆ.

ಅವರು ಮೊದಲು ಕಲಿಸಿದ್ದು ದಿಕ್ಕನ್ನಲ್ಲ, ಹೆಸರನ್ನು. ಚೀನೀ ಭಾಷೆಯಲ್ಲಿ ಹೂದಾನಿಗೆ ‘ಪಿಂಗ್’ ಎನ್ನುತ್ತಾರೆ. ಶಾಂತಿಯನ್ನು ಸೂಚಿಸುವ ಪದದ ಉಚ್ಚಾರವೂ ಅದೇ. ಹೀಗಾಗಿ ನಾಲ್ಕು ಋತುಗಳ ಹೂವುಗಳನ್ನು ಒಂದು ಹೂದಾನಿಯಲ್ಲಿ ಬರೆದ ಚಿತ್ರವನ್ನು ಗೋಡೆಗೆ ತೂಗುಹಾಕಿದರೆ ವರ್ಷವಿಡೀ ನೆಮ್ಮದಿಯಿರಲಿ ಎಂದು ಹಾರೈಸಿದಂತೆ. ಚಾಂದ್ರಮಾನ ಹೊಸ ವರ್ಷದ ಹಬ್ಬದಲ್ಲಿ ಬಾಗಿಲ ಇಕ್ಕೆಲಗಳಲ್ಲಿ ಇಡುವ ಪುಟ್ಟ ಕಿತ್ತಳೆಯ ಗಿಡಕ್ಕೆ ಹಾಂಗ್‌ಕಾಂಗ್‌ನವರ ಆಡುಮಾತಾದ ಕ್ಯಾಂಟನೀಸ್‌ನಲ್ಲಿರುವ ಹೆಸರಿನಲ್ಲಿ ಚಿನ್ನವೂ ಶುಭವೂ ಒಟ್ಟಿಗೆ ಕೇಳಿಸುತ್ತವೆ. ಪ್ಲಮ್ ಹೂವಿನ ಐದು ಎಸಳುಗಳನ್ನು ಐದು ಭಾಗ್ಯಗಳೆಂದು ಎಣಿಸುತ್ತಾರೆ. ಪಿಯೋನಿ ಹೂವು ಸಿರಿ ಮತ್ತು ಗೌರವದ ಗುರುತು; ದಂಪತಿಗಳ ಅನ್ಯೋನ್ಯಕ್ಕಾಗಿ ಅದರ ಚಿತ್ರವನ್ನು ನೈಋತ್ಯದಲ್ಲಿ ಇಡುವವರಿದ್ದಾರೆ. ಪೀಚ್ ಹೂವು ಪ್ರೇಮಯೋಗವನ್ನು ತರುತ್ತದೆಂಬ ನಂಬಿಕೆಯಿರುವುದರಿಂದ ಮದುವೆಯಾಗಬೇಕಾದವರು ಅದನ್ನು ಆಸೆಯಿಂದ ಕೊಳ್ಳುತ್ತಾರೆ, ಮದುವೆಯಾದವರಲ್ಲಿ ಕೆಲವರು ಅದನ್ನು ಮಲಗುವ ಕೋಣೆಗೆ ತರುವುದಿಲ್ಲ. ಯಾವ ಮೂಲೆಗೆ ಯಾವ ಹೂವು ಎಂಬ ಪಟ್ಟಿಯನ್ನು ಹಿಡಿದು ಫೆಂಗ್ ಶುಯಿಯನ್ನು ಆರಂಭಿಸುವವರಿಗೆ ಈ ಮಾತಿನ ಸೊಗಸು ಕೈತಪ್ಪಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನಾನು ಕೈಯಾರೆ ಮಾಡಿ ಕಲಿತದ್ದು ಒಂದೇ ಹೂವನ್ನು: ನೀರಿನಲ್ಲಿ ಬೆಳೆಯುವ ಚೀನೀ ನಾರ್ಸಿಸಸ್. ಕ್ಯಾಂಟನೀಸ್‌ನಲ್ಲಿ ಇದು ‘ಸೊಯ್ ಸಿನ್’, ಅಂದರೆ ನೀರಿನ ದೇವತೆ. ಫೆಂಗ್ ಶುಯಿಯನ್ನು ಅಲ್ಲಿಯವರು ‘ಫುಂಗ್ ಸೊಯ್’ ಎನ್ನುತ್ತಾರೆ. ಗಾಳಿ ಮತ್ತು ನೀರು ಎಂಬ ಆ ಜೋಡಿಪದದ ನೀರೇ ಈ ಹೂವಿನ ಹೆಸರಿನಲ್ಲಿಯೂ ಇದೆ. ಬಿಳಿಯ ಎಸಳುಗಳ ನಡುವೆ ಹಳದಿಯ ಪುಟ್ಟ ಬಟ್ಟಲಿರುವ ಇದರ ಒಂಟಿ ಸುತ್ತಿನ ಬಗೆಯನ್ನು ‘ಬೆಳ್ಳಿಯ ತಟ್ಟೆಯ ಮೇಲಿನ ಚಿನ್ನದ ಬಟ್ಟಲು’ ಎಂದು ಬಣ್ಣಿಸುತ್ತಾರೆ. ಚಾಂದ್ರಮಾನ ಹೊಸ ವರ್ಷದ ದಿನವೇ ಇದು ಅರಳಿದರೆ ಆ ಮನೆಗೆ ವರ್ಷವೆಲ್ಲ ಏಳಿಗೆ ಎಂಬುದು ನಂಬಿಕೆ. ಕಷ್ಟವಿರುವುದೂ ಅಲ್ಲಿಯೇ, ಏಕೆಂದರೆ ಹಬ್ಬದ ತಾರೀಖು ವರ್ಷವರ್ಷವೂ ಬದಲಾಗುತ್ತದೆ.

2024ರ ಹಬ್ಬ ಫೆಬ್ರವರಿ 10ಕ್ಕೆ ಇತ್ತು. ಮಾಂಗ್‌ಕಾಕ್‌ನ ಹೂವಿನ ಮಾರುಕಟ್ಟೆ ಬೀದಿಯಲ್ಲಿ, ಫುಜಿಯಾನ್ ಪ್ರಾಂತದ ಜಾಂಗ್‌ಜೌನಿಂದ ಬಂದ, ಬುಡಕ್ಕೆ ಒಣಗಿದ ಕೆಸರು ಮೆತ್ತಿದ್ದ ಈ ಹೂವಿನ ಮೂರು ಗಡ್ಡೆಗಳನ್ನು ಕೊಂಡು ಜನವರಿ 5ರಂದೇ ಕೆತ್ತಿ, ಬೆಚ್ಚಗಿರಲಿ ಎಂದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟೆ. ಜನವರಿ ಮುಗಿಯುವ ಮೊದಲೇ ಎಲ್ಲ ಮೊಗ್ಗುಗಳೂ ಅರಳಿದವು, ಎಲೆಗಳು ಈರುಳ್ಳಿಯ ಹೂಗಿಡದಂತೆ ಉದ್ದಕ್ಕೆ ಬೆಳೆದು ಬಾಗಿದವು, ಹಬ್ಬದ ಬೆಳಿಗ್ಗೆ ತಟ್ಟೆಯಲ್ಲಿ ಕಂದಿದ ಎಸಳುಗಳಷ್ಟೇ ಉಳಿದಿದ್ದವು. ಅಂದು ನಾನು ನಿಜವಾಗಿಯೂ ನೊಂದುಕೊಂಡೆ.

ಮರುವರ್ಷ ಪೋಪೋ ಪಕ್ಕದಲ್ಲಿ ಕುಳಿತು ಮಾಡಿಸಿದರು. 2025ರ ಹಬ್ಬ ಜನವರಿ 29ಕ್ಕೆ ಇದ್ದುದರಿಂದ 27 ದಿನ ಹಿಂದಕ್ಕೆ ಎಣಿಸಿ, ಜನವರಿ 2ರಂದು ಕೆಲಸ ಆರಂಭಿಸಿದೆವು. ಮೊದಲು ಗಡ್ಡೆಯ ಕಂದು ಸಿಪ್ಪೆಯನ್ನೂ ಕೆಸರನ್ನೂ ಒಣಬೇರುಗಳನ್ನೂ ತೆಗೆದೆವು. ಬುಡದಿಂದ ಒಂದು ಬೆರಳಗಲ ಮೇಲೆ, ಮುಂಭಾಗದ ಅರ್ಧದಲ್ಲಿ ಮಾತ್ರ, ಈರುಳ್ಳಿಯ ಪದರಗಳನ್ನು ಬಿಡಿಸುವಂತೆ ಒಂದೊಂದೇ ಪದರವನ್ನು ಕೆತ್ತಿ ಒಳಗಿನ ಹಳದಿ ಮೊಳಕೆಗಳನ್ನು ಹೊರಗೆ ಕಾಣುವಂತೆ ಮಾಡಬೇಕು. ಆಮೇಲೆ ಎಲೆಯ ಒಂದೇ ಅಂಚನ್ನು ತೆಳ್ಳಗೆ ಸವರಬೇಕು. ಗಾಯವಾದ ಬದಿ ನಿಧಾನವಾಗಿಯೂ ಇನ್ನೊಂದು ಬದಿ ಬೇಗನೆಯೂ ಬೆಳೆಯುವುದರಿಂದ ಎಲೆ ಏಡಿಯ ಕೊಂಡಿಯಂತೆ ಸುರುಳಿಯಾಗಿ ಗಿಡ್ಡಗೆ ನಿಲ್ಲುತ್ತದೆ. ಮೊಗ್ಗಿಗೆ ಚಾಕು ತಗುಲಿದರೆ ಅದು ಅರಳುವುದಿಲ್ಲ. ನನ್ನ ಕೈಯಿಂದ ಅಂಥ ಒಂದು ಮೊಗ್ಗು ಹಾಳಾಯಿತು. ಗಡ್ಡೆಯ ಅಂಟಿನಿಂದ ಚರ್ಮ ತುರಿಸುತ್ತದೆ, ಗಡ್ಡೆ ಹೊಟ್ಟೆಗೆ ಹೋದರೆ ವಿಷ. ಮಕ್ಕಳಿರುವ ಮನೆಯಲ್ಲಿ ಈರುಳ್ಳಿಯ ಹತ್ತಿರ ಇದನ್ನು ಇಡಲೇಬಾರದು.

ಕೆತ್ತಿದ ಗಡ್ಡೆಯನ್ನು ಒಂದು ದಿನ ನೀರಿನಲ್ಲಿ ಬೋರಲಾಗಿ ನೆನೆಸಿ, ಲೋಳೆಯನ್ನು ಚೆನ್ನಾಗಿ ತೊಳೆದು, ಗಾಯ ಕಪ್ಪಾಗದಂತೆ ಒದ್ದೆ ಹತ್ತಿಯನ್ನು ಹೊದಿಸಿ, ಬೆಣಚುಕಲ್ಲು ತುಂಬಿದ ಆಳವಿಲ್ಲದ ಬಟ್ಟಲಿನಲ್ಲಿ ಕೂರಿಸಿದೆವು. ಹಗಲು ಬಾಲ್ಕನಿಯ ಬಿಸಿಲು, ರಾತ್ರಿ ನೀರನ್ನು ಬಸಿದಿಡುವುದು, ಬೆಳಿಗ್ಗೆ ಹೊಸ ನೀರು: ಇದು ನಿತ್ಯದ ಕ್ರಮ. ಹೂವು ಅವಸರ ಮಾಡಿದರೆ ತಣ್ಣಗಿನ ಜಾಗಕ್ಕೆ ಸರಿಸಬೇಕು, ತಡಮಾಡಿದರೆ ಉಗುರುಬೆಚ್ಚಗಿನ ನೀರು ಹಾಕಬೇಕು. ಜನವರಿ 22ರಂದೂ ಮೊಗ್ಗುಗಳು ತೆಳುಪೊರೆಯೊಳಗೇ ಇದ್ದುದನ್ನು ಕಂಡು ನಾವು ಮೂರು ದಿನ ಹಾಗೆಯೇ ಮಾಡಿದೆವು.

ಮನೆಯಲ್ಲಿ ಎಲ್ಲಿ ಇಡಬೇಕೆಂಬ ಪ್ರಶ್ನೆ ಬಂದದ್ದು ಆಗ. ಆಗ್ನೇಯವು ಫೆಂಗ್ ಶುಯಿಯ ಐದು ತತ್ವಗಳಲ್ಲಿ ಒಂದಾದ ಮರದ ದಿಕ್ಕು, ಸಂಪತ್ತಿನ ಜಾಗ. ನೀರು ಮರವನ್ನು ಪೋಷಿಸುತ್ತದೆ ಎಂಬ ಲೆಕ್ಕದಿಂದ ನಡುಮನೆಯ ಆ ಮೂಲೆಯನ್ನೇ ಆರಿಸಿದೆವು. ಮಲಗುವ ಕೋಣೆ ಬೇಡವೆಂದು ಪೋಪೋ ಖಂಡಿತವಾಗಿ ಹೇಳಿದರು. ಅದರ ಗಾಢ ಪರಿಮಳವನ್ನು ಅನುಭವಿಸಿದ ಮೇಲೆ ಆ ಮಾತಿನಲ್ಲಿ ನನಗೆ ಯಾವ ಅನುಮಾನವೂ ಉಳಿಯಲಿಲ್ಲ.

28ರ ಸಂಜೆ ಮೂರು ಹೂವುಗಳು ಅರಳಿದ್ದವು, ಹಬ್ಬದ ಬೆಳಿಗ್ಗೆ ಹನ್ನೊಂದು. ಪೋಪೋ ಬಂದು ಬೆರಳು ಮಡಚಿ ಎಣಿಸಿದರು, ತಮ್ಮ ಚೀಲದಿಂದ ಕೆಂಪು ಕಾಗದದ ಪಟ್ಟಿಯನ್ನು ತೆಗೆದು ದಂಟುಗಳ ಸುತ್ತ ಕಟ್ಟಿದರು. ಎಂಟು ದಿನಗಳ ನಂತರ ಮೊದಲ ಎಸಳು ಮುದುಡಿದಾಗ, ಬಾಡಿದ್ದನ್ನು ಮನೆಯಲ್ಲಿ ಉಳಿಸಿಕೊಂಡರೆ ಚೈತನ್ಯ ಜಡವಾಗುತ್ತದೆ, ಆಗಿಂದಾಗ ತೆಗೆದುಹಾಕು ಎಂದರು. ಬೆಳಗಾದೊಡನೆ ದೇವರ ಮುಂದಿನ ನಿರ್ಮಾಲ್ಯವನ್ನು ತೆಗೆಯುತ್ತಿದ್ದ ಮನೆಯಲ್ಲಿ ಬೆಳೆದ ನನಗೆ ಇದೊಂದನ್ನು ಅವರು ಕಲಿಸಬೇಕಾಗಿರಲಿಲ್ಲ. ನಮ್ಮೂರಿನ ಆ ರೂಢಿಯನ್ನು ವಿವರಿಸಿದಾಗ ಅವರು ಬಹಳ ಹೊತ್ತು ತಲೆದೂಗಿದರು.

2026ರ ಹಬ್ಬ ಫೆಬ್ರವರಿ 17ಕ್ಕೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಜನವರಿ 21ಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಟ್ಟಿದ್ದೇನೆ.