ಶಾರ್ಟ್ ಲಿಂಕ್ ಡೊಮೈನ್ ಸೆಟ್ಟಿಂಗ್ಸ್ ಎಪಿಐನಿಂದ ಬದಲಿಸೋದು ಹೇಗೆ

ಒಂದೇ ಡೊಮೈನ್ ಇದ್ದರೆ ಡ್ಯಾಶ್‌ಬೋರ್ಡಿನಲ್ಲೇ ಕ್ಲಿಕ್ ಮಾಡಿ ಮುಗಿಸಬಹುದು. ಆರೇಳು ಡೊಮೈನ್ ಇದ್ದು ಎಲ್ಲದಕ್ಕೂ ಒಂದೇ ಸೆಟ್ಟಿಂಗ್ ಹಾಕಬೇಕು ಅಂದಾಗ ಎಪಿಐ, ಅಂದರೆ ಪ್ರೋಗ್ರಾಂ ಮೂಲಕ ಸೇವೆಗೆ ನೇರವಾಗಿ ಆದೇಶ ಕಳಿಸುವ ದಾರಿ, ಬೇಕೇ ಬೇಕು. ನಾನು ಬಳಸೋದು ಉದ್ದ ವಿಳಾಸಗಳನ್ನು ಚಿಕ್ಕದು ಮಾಡುವ ಶಾರ್ಟ್ ಡಾಟ್ ಐಒ ಸೇವೆ, ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಕೀ, ಅಂದರೆ ಕೇಳುತ್ತಿರೋದು ನೀವೇ ಅಂತ ಎಪಿಐಗೆ ತೋರಿಸುವ ಅಕ್ಷರಸಾಲು. ಎಸ್‌ಕೆ ಅಂಡರ್‌ಸ್ಕೋರ್‌ನಿಂದ ಶುರುವಾಗುವ ಸೀಕ್ರೆಟ್ ಕೀ ಬೇಕು, ಪಿಕೆ ಅಂತ ಶುರುವಾಗುವ ಪಬ್ಲಿಕ್ ಕೀ ಇಲ್ಲಿ ಆಗಲ್ಲ. ಅದನ್ನು ರಿಕ್ವೆಸ್ಟ್ ಜೊತೆ ಹೋಗುವ ಆಥರೈಸೇಷನ್ ಹೆಡರ್‌ನಲ್ಲಿ ಹಾಗೇ ಹಾಕಿ. ಬೇರೆ ಎಪಿಐಗಳ ರೂಢಿ ಇರೋರು ಕೈ ತಪ್ಪಿ ಮುಂದೆ ಬೇರರ್ ಅಂತ ಸೇರಿಸಿಬಿಡುತ್ತಾರೆ, ಇಲ್ಲಿ ಅದು ಬೇಡ. ಕೀಯನ್ನು ಗಿಟ್‌ಗೆ ಮಾತ್ರ ದಯವಿಟ್ಟು ಹಾಕಬೇಡಿ.

ಆಮೇಲೆ ಡೊಮೈನ್ ಪಟ್ಟಿ ಕೇಳುವ ಗೆಟ್ ರಿಕ್ವೆಸ್ಟ್ ಕಳಿಸಿ. ಉತ್ತರದಲ್ಲಿ ಪ್ರತಿ ಡೊಮೈನಿಗೂ ಒಂದು ಐಡಿ ನಂಬರ್ ಇರುತ್ತದೆ. ಬದಲಾವಣೆಗೆ ಬೇಕಾಗೋದು ಹೆಸರಲ್ಲ, ಈ ನಂಬರ್. ಮುಂದೆ ಹೋಗುವ ಮುಂಚೆ ಆ ಇಡೀ ಉತ್ತರವನ್ನು ಒಂದು ಫೈಲಿನಲ್ಲಿ ಉಳಿಸಿಕೊಳ್ಳಿ. ಏನಾದರೂ ಎಡವಟ್ಟಾದರೆ ಮೊದಲು ಏನಿತ್ತು ಅಂತ ನೋಡಲು ಅದೊಂದೇ ದಾರಿ.

ಈಗ ಡೊಮೈನ್ಸ್, ಸೆಟ್ಟಿಂಗ್ಸ್, ಕೊನೆಗೆ ಆ ಐಡಿ, ಹೀಗಿರುವ ವಿಳಾಸಕ್ಕೆ ಪೋಸ್ಟ್ ಮಾಡಿ. ಬಾಡಿ, ಅಂದರೆ ಕಳಿಸುವ ಮಾಹಿತಿ, ಜೇಸನ್ ರೂಪದಲ್ಲಿರಬೇಕು. ಬದಲಿಸಬೇಕಾದ ಒಂದನ್ನು ಮಾತ್ರ ಬರೆಯಿರಿ, ಎಲ್ಲ ಒಟ್ಟಿಗೆ ಬೇಡ. ಉದಾಹರಣೆಗೆ ಹೈಡ್‌ರೆಫರರ್ (hideReferer), ಅಂದರೆ ಓದುಗರು ಯಾವ ಪುಟದಿಂದ ಬಂದರು ಅನ್ನೋದನ್ನು ಮರೆಮಾಡುವ ಸೆಟ್ಟಿಂಗ್, ಆನ್ ಮಾಡಬೇಕು ಅನ್ನಿ. ಇಂಗ್ಲಿಷ್ ನಿಘಂಟಿನಲ್ಲಿ ರೆಫರರ್ ಪದದ ನಡುವೆ ಎರಡು ಆರ್ ಇದೆ, ಇಲ್ಲಿ ಒಂದೇ. ಎಚ್‌ಟಿಟಿಪಿಯಲ್ಲಿ ಮೊದಲಿಂದ ಉಳಿದುಬಂದ ತಪ್ಪು ಕಾಗುಣಿತ ಅದು. ಸರಿ ಮಾಡಿ ಬರೆದರೆ ಸೆಟ್ಟಿಂಗ್ ಬದಲಾಗಲ್ಲ, ನೀವು ಎಲ್ಲೆಲ್ಲೋ ಹುಡುಕುತ್ತಾ ಕೂರುತ್ತೀರಿ.

ಲಿಂಕ್‌ಟೈಪ್, ಅಂದರೆ ಚಿಕ್ಕ ಲಿಂಕಿನ ಕೊನೆಯ ಅಕ್ಷರಗಳು ಹೇಗೆ ಹುಟ್ಟಬೇಕು ಅನ್ನೋದನ್ನು, ಬದಲಿಸೋದಕ್ಕೆ ಹೆದರಬೇಕಿಲ್ಲ, ಅದು ಮುಂದೆ ಮಾಡುವ ಲಿಂಕುಗಳಿಗಷ್ಟೇ. ಆದರೆ ಎರಡು ಕಡೆ ಹುಷಾರು. ಒಂದು, ಕೇಸ್‌ಸೆನ್ಸಿಟಿವ್. ಅದನ್ನು ಆನ್ ಮಾಡಿದರೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಆಗಿಬಿಡುತ್ತವೆ. ಆಮಂತ್ರಣ ಪತ್ರಿಕೆಯಲ್ಲೋ ಅಂಗಡಿ ಬೋರ್ಡಿನಲ್ಲೋ ಅಚ್ಚಾದ ಲಿಂಕನ್ನು ಜನ ಕೈಯಲ್ಲಿ ಟೈಪ್ ಮಾಡುವಾಗ ಡೊಮೈನಿನ ನಂತರದ ಭಾಗದಲ್ಲಿ ಒಂದಕ್ಷರ ದೊಡ್ಡದು ಸಣ್ಣದು ಆದರೂ ಪುಟ ತೆರೆಯಲ್ಲ, ಅಚ್ಚಾಗಿದ್ದನ್ನು ವಾಪಸ್ ತಿದ್ದೋಕೂ ಆಗಲ್ಲ ಅಲ್ವಾ? ಇನ್ನೊಂದು, ಎಚ್‌ಟಿಟಿಪಿಎಸ್ ಮಟ್ಟವನ್ನು ಎಚ್‌ಎಸ್‌ಟಿಎಸ್‌ಗೆ ಏರಿಸೋದು. ಈ ಡೊಮೈನನ್ನು ಸುರಕ್ಷಿತವಾದ ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ತೆರೆ ಅಂತ ಬ್ರೌಸರಿಗೆ ಹೇಳೋದೇ ಎಚ್‌ಎಸ್‌ಟಿಎಸ್, ಬ್ರೌಸರ್ ಆ ಮಾತನ್ನು ಹೇಳಿದಷ್ಟು ಕಾಲ ನೆನಪಿಟ್ಟುಕೊಳ್ಳುತ್ತದೆ. ನಾಳೆ ಸರ್ಟಿಫಿಕೇಟ್ ಕೆಟ್ಟರೆ, ನೀವು ಸೆಟ್ಟಿಂಗ್ ಹಿಂದಕ್ಕೆ ತಂದರೂ ಒಮ್ಮೆ ಬಂದುಹೋದವರ ಬ್ರೌಸರ್ ಒಳಗೆ ಬಿಡಲ್ಲ. ಸುಮ್ನೆ ರೀಡೈರೆಕ್ಟ್ ಅಂತ ಇಟ್ಟು ಕೆಲವು ವಾರ ನೋಡಿ, ಆಮೇಲೆ ಏರಿಸಿ.

ಉತ್ತರ 200 (ಸರಿ ಅನ್ನುವ ಸಂಖ್ಯೆ) ಬಂತು ಅಂತ ಎದ್ದು ಹೋಗಬೇಡಿ. 401 ಬಂದರೆ ಕೀ ನೋಡಿ, 404 ಬಂದರೆ ಐಡಿ ನೋಡಿ. 200 ಬಂದಿದ್ದರೂ ಇನ್ನೊಂದು ಸಲ ಗೆಟ್ ಮಾಡಿ ಹಳೆಯ ಫೈಲಿನ ಪಕ್ಕ ಇಟ್ಟು ನೋಡಿ. ಬೇರೆ ಯಾವ ಸಾಲೂ ಬದಲಾಗಿರಬಾರದು. ಕೊನೆಗೆ ತುಂಬಾ ಹಳೆಯ ಒಂದು ಲಿಂಕನ್ನು, ಟರ್ಮಿನಲ್ಲಿನಿಂದ ವಿಳಾಸ ಕರೆಯುವ ಕರ್ಲ್‌ಗೆ ಮೈನಸ್ ದೊಡ್ಡ ಐ (ಹೆಡರ್ ಮಾತ್ರ ತೋರಿಸು ಅಂತ) ಕೊಟ್ಟು ಕರೆಯಿರಿ. ಲೊಕೇಷನ್ ಸಾಲಿನಲ್ಲಿ ಸರಿಯಾದ ವಿಳಾಸ ಬಂದರೆ ಮುಂದಿನ ಡೊಮೈನಿಗೆ ಹೋಗಿ.