ರ‍್ಯಾಪ್ ಪದ್ಯ: ಹಾಳೆಗೊಂದು ರೂಪ, ವೇದಿಕೆಗೊಂದು ರೂಪ

1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ವಸತಿ ಕಟ್ಟಡವೊಂದರಲ್ಲಿ ಡಿಜೆ ಕೂಲ್ ಹರ್ಕ್ ನುಡಿಸಿದ ಕೂಟದಿಂದ, ರ‍್ಯಾಪ್ (ತಾಳಕ್ಕೆ ಹೊಂದಿಸಿ ಪ್ರಾಸಬದ್ಧವಾಗಿ ಮಾತು ಹೇಳುವುದು) ಸೇರಿದ ಹಿಪ್-ಹಾಪ್‌ನ ಹುಟ್ಟನ್ನು ಗುರುತಿಸುವುದು ವಾಡಿಕೆ. ಎಂದರೆ ಈ ಪದ್ಯ ಮೊದಲು ಕಿವಿಯ ಸೊತ್ತು.

ಅದನ್ನು ಹಾಳೆಗೆ ಇಳಿಸುವವರು ಬೀಟ್ (ಪದ್ಯದ ಹಿನ್ನೆಲೆಯ ತಾಳಸಂಗೀತ) ಕೇಳುತ್ತ, ನಾಲ್ಕು ಬಡಿತಗಳ ಒಂದು ಬಾರ್ ಅನ್ನು ಒಂದು ಸಾಲಾಗಿ ಬರೆದುಕೊಳ್ಳಬೇಕು. ಪ್ರಾಸ ಸಿಕ್ಕಲ್ಲೆಲ್ಲ ಸಾಲು ಮುರಿದರೆ, ಬಾರ್‌ನ ನಡುವೆ ಅಡಗಿದ್ದ ಒಳಪ್ರಾಸಗಳು ತುದಿಗೆ ಬಂದು ನಿಂತು, ಕಿವಿಗೆ ಚುರುಕಾಗಿದ್ದ ಪದ್ಯ ಕಣ್ಣಿಗೆ ಶಿಶುಗೀತೆಯಂತೆ ಕಾಣುತ್ತದೆ. ಎರಡನೆಯ ಅಕ್ಷರದ ಆದಿಪ್ರಾಸಕ್ಕೆ ಒಗ್ಗಿದ ನಮಗೆ, ಹೆಚ್ಚಾಗಿ ನಾಲ್ಕನೆಯ ಬಡಿತದ ಮೇಲೆ ಬೀಳುವ ಈ ಅಂತ್ಯಪ್ರಾಸ ಬಡಕಲು ಎನಿಸಬಹುದಾದರೂ, ಬಾಯಿಬಿಟ್ಟು ಹೇಳಿ ನೋಡದೆ ತೀರ್ಪು ಕೊಡಬಾರದು. ಬಡಿತಕ್ಕಿಂತ ತುಸು ಹಿಂದೆ ಬೀಳುವ ಉಚ್ಚಾರವನ್ನು ಯಾವ ಚಿಹ್ನೆಯೂ ಪೂರ್ತಿ ಹಿಡಿಯದು; ಖಾಲಿ ಜಾಗದಿಂದ ಸೂಚಿಸಿದರೆ ಸಾಕು.

ವೇದಿಕೆಯ ಲೆಕ್ಕ ಬೇರೆ. ನಿಮಿಷಕ್ಕೆ 90 ಬಡಿತಗಳ ವೇಗದಲ್ಲಿ ಒಂದು ಬಾರ್‌ಗೆ ಸುಮಾರು 2.7 ಸೆಕೆಂಡು, 16 ಬಾರ್‌ಗಳಿಗೆ ಸುಮಾರು 43 ಸೆಕೆಂಡು ಸಿಗುತ್ತದೆ. ಇದರೊಳಗೆ ಉಸಿರೆಳೆಯುವ ಜಾಗಗಳನ್ನು ಹಾಳೆಯಲ್ಲೇ ಗುರುತಿಸಿ, ಅಲ್ಲಿನ ಒಂದೆರಡು ಪದಗಳನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಬೇಕು. ಓದುಗ ಹಿಂದಿರುಗಿ ಓದಬಲ್ಲ, ಕೇಳುಗನಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಶ್ಲೇಷೆಯ ಪದವಾದ ಮೇಲೆ ಅರ್ಧ ಬಡಿತದಷ್ಟು ಮೌನ ಬಿಡಿ. ಬೀಟ್ ಇಲ್ಲದೆಯೇ ಹೇಳುವುದಾದರೆ (ನನಗೆ ಇದೇ ಹೆಚ್ಚು ಇಷ್ಟ) ಪಾದದಿಂದ ತಾಳ ಹಾಕುತ್ತ ಅಭ್ಯಾಸ ಮಾಡಿ, ಜನರ ಮುಂದೆ ಆ ತಾಳವನ್ನು ಮನಸ್ಸಿನೊಳಗೇ ಇಟ್ಟುಕೊಳ್ಳಿ.