ಬಿಚ್ಚುವ ಮುಂಚೆ ಓದಿ: ನಿವೃತ್ತರಿಗೊಂದು ಮಸಲ್ ಕಾರ್ ಕೈಪಿಡಿ

ಮನೆಯ ಗ್ಯಾರೇಜಿನಲ್ಲಿ ಶುರುವಾದ ಮಸಲ್ ಕಾರ್ (1960–70ರ ದಶಕದ, ದೊಡ್ಡ ಇಂಜಿನ್ನಿನ ಅಮೆರಿಕನ್ ಕಾರು) ದುರಸ್ತಿ ಕೆಲಸ ಅರ್ಧಕ್ಕೆ ನಿಲ್ಲುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಮೊದಲ ತಿಂಗಳಲ್ಲೇ ಇಡೀ ಗಾಡಿಯನ್ನು ಬಿಚ್ಚಿ ಹರವಿಬಿಡುತ್ತಾರೆ. ಬಿಚ್ಚಲು ಎರಡು ವಾರ ಸಾಕು, ಕೂಡಿಸಲು ಎರಡು ಮೂರು ವರ್ಷ ಬೇಕು. ಅಷ್ಟರಲ್ಲಿ ಯಾವ ಬೋಲ್ಟು ಎಲ್ಲಿಯದೆಂದು ಮರೆತಿರುತ್ತದೆ, ಕೂಡಿಟ್ಟ ದುಡ್ಡು ಕರಗಿರುತ್ತದೆ, ಮಂಡಿಯೂ ಮುಷ್ಕರ ಹೂಡಿರುತ್ತದೆ. ಗಾಡಿ ಆದಷ್ಟು ಕಾಲ ತನ್ನ ನಾಲ್ಕು ಚಕ್ರದ ಮೇಲೇ ಇರಲಿ. ಒಂದು ಭಾಗ ಬಿಚ್ಚಿ, ಸರಿಮಾಡಿ, ಕೂರಿಸಿ, ಆಮೇಲೆ ಮುಂದಿನದಕ್ಕೆ ಹೋಗಿ. ಈ ಕ್ರಮ ಸಾಧ್ಯವಾಗಬೇಕಾದರೆ ಕೊಳ್ಳುವ ಗಾಡಿಯೇ ಸರಿಯಾಗಿರಬೇಕು.

ಗಾಡಿ ಆರಿಸುವುದು

ಇಂಜಿನ್ ಕೆಟ್ಟಿದ್ದರೆ ಚಿಂತೆಯಿಲ್ಲ, ತಗಡು ಕೆಟ್ಟಿದ್ದರೆ ಚಿಂತಿಸಿ. ಷೆವರ್ಲೆ 350 (ಘನ ಇಂಚಿನ) ಇಂಜಿನ್ನಿನ ಬಿಡಿಭಾಗ ಇವತ್ತಿಗೂ ಸುಲಭವಾಗಿ ಸಿಗುತ್ತದೆ. ತುಕ್ಕು ತಿಂದ ಚಾಸಿ (ಭಾರ ಹೊರುವ ಉಕ್ಕಿನ ಅಡಿಕಟ್ಟು) ತೊಲೆ ಸರಿಪಡಿಸಲು ಒಂದಿಡೀ ಚಳಿಗಾಲ ಹೋಗುತ್ತದೆ. ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಹಿಂದಿನ ಚಕ್ರದ ಕಮಾನು, ಬಾಗಿಲ ಕೆಳಗಿನ ಸಿಲ್, ಹಿಂಬದಿ ಗಾಜಿನ ಸುತ್ತ ಆಡಿಸಿ. ಹಿಡಿತ ಸಡಿಲವಾದ ಕಡೆ ಬಣ್ಣದ ಕೆಳಗೆ ದಪ್ಪ ಪುಟ್ಟಿ ಇದೆ. ಮೇಲ್ಛಾವಣಿಗೆ ವಿನೈಲ್ ಹೊದಿಕೆ ಇದ್ದರೆ ಅದರಡಿ ತೇವ ನಿಂತು ತುಕ್ಕು ಹಿಡಿದಿದೆ ಎಂದೇ ಎಣಿಸಿ ಬೆಲೆ ಮಾತಾಡಿ.

ಹಳೆಯ ಫೋರ್ಡ್ ಮಸ್ಟಾಂಗ್ ಆದರೆ ಮುಂಗಾಜಿನ ಬುಡದಲ್ಲಿರುವ ಗಾಳಿಕಂಡಿಗೆ ಪೈಪಿನಿಂದ ನೀರು ಬಿಟ್ಟು, ಡ್ಯಾಶ್ ಕೆಳಗೆ ಟಾರ್ಚ್ ಹಿಡಿದು ನೋಡಿ. ಒಳಗೆ ನೀರು ತೊಟ್ಟಿಕ್ಕಿದರೆ ಕೌಲ್, ಅಂದರೆ ಆ ಗಾಳಿಕಂಡಿಯ ಕೆಳಗಿನ ತಗಡಿನ ತೊಟ್ಟಿ, ತೂತಾಗಿದೆ. ಅದನ್ನು ಸರಿಮಾಡಲು ನೂರಾರು ಸ್ಪಾಟ್ ವೆಲ್ಡ್ ಕೊರೆದು ಮೇಲ್ತಗಡು ಎಬ್ಬಿಸಬೇಕು. ಮಸ್ಟಾಂಗ್, ಡಾಡ್ಜ್ ಚಾರ್ಜರ್, ಪ್ಲಿಮತ್ ರೋಡ್ ರನ್ನರ್‌ಗಳಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. 1964ರಿಂದ 1972ರವರೆಗಿನ ಷೆವರ್ಲೆ ಷೆವೆಲ್‌ಗೆ ಪೂರ್ಣ ಚಾಸಿ ಇರುವುದರಿಂದ ನೆಲದ ತಗಡು ಕತ್ತರಿಸಿದರೂ ಗಾಡಿ ತಿರುಚಿಕೊಳ್ಳುವ ಭಯ ಕಡಿಮೆ. ಮೊದಲ ಬಾರಿ ಕೈಹಾಕುವವರಿಗೆ ನಾವು ಷೆವೆಲ್ ಹೇಳುವುದು ಅದಕ್ಕೇ.

ಕಾಗದಪತ್ರದಲ್ಲಿ ಅವಸರ ಬೇಡ. ಟೈಟಲ್‌ನಲ್ಲಿರುವ, ಅಂದರೆ ಒಡೆತನದ ಪತ್ರದಲ್ಲಿರುವ, ವಿನ್ ನಂಬರೂ (ಗಾಡಿಯ ಗುರುತಿನ ಸಂಖ್ಯೆ) ಗಾಡಿಯ ಮೇಲಿನ ನಂಬರೂ ಒಂದೇ ಇರಬೇಕು. 1966–68ರ ಷೆವೆಲ್ ಎಸ್‌ಎಸ್ (ಸೂಪರ್ ಸ್ಪೋರ್ಟ್ ಎಂಬ ಬಲಶಾಲಿ ಆವೃತ್ತಿ) 396ರ ನಂಬರು 138ರಿಂದ ಶುರುವಾಗುತ್ತದೆ. 1969ರಿಂದ ಎಸ್‌ಎಸ್ ಬರೀ ಆಯ್ಕೆಯ ಪ್ಯಾಕೇಜ್ ಆದ್ದರಿಂದ ಸಾಮಾನ್ಯವಾಗಿ ನಂಬರ್ ನೋಡಿ ಅಸಲಿಯೋ ನಕಲಿಯೋ ಹೇಳಲಾಗದು. ಆ ವರ್ಷಗಳ ಗಾಡಿಗೆ ಕಾರ್ಖಾನೆಯ ಬಿಲ್ಡ್ ಶೀಟ್ (ಆ ಗಾಡಿಗೆ ಏನೇನು ಜೋಡಿಸಬೇಕೆಂದು ಬರೆದ ಹಾಳೆ) ಬೇಕು. ಅದು ಎಷ್ಟೋ ಸಲ ಪೆಟ್ರೋಲ್ ಟ್ಯಾಂಕಿನ ನೆತ್ತಿಗೆ ಅಂಟಿಕೊಂಡಿರುತ್ತದೆ, ಇಲ್ಲವೇ ಸೀಟಿನ ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ಟ್ಯಾಂಕ್ ಇಳಿಸುವಾಗ ಮೇಲ್ಭಾಗಕ್ಕೆ ಕೈ ತಾಗಿಸದೆ ನಿಧಾನವಾಗಿ ಇಳಿಸಿ. ಐವತ್ತು ವರ್ಷದ ಕಾಗದ ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಮೊದಲು ಫೋಟೋ ತೆಗೆಯಿರಿ, ಆಮೇಲೆ ಎಬ್ಬಿಸಿ.

ಮೈಗೆ ಆಗುವಷ್ಟು

ಷೆವರ್ಲೆ ಸ್ಮಾಲ್ ಬ್ಲಾಕ್ ಇಂಜಿನ್ (350 ಈ ಜಾತಿಯದು) ಸುಮಾರು 260 ಕೆಜಿ ತೂಗುತ್ತದೆ, ಬಿಗ್ ಬ್ಲಾಕ್ (396 ಈ ಜಾತಿಯದು) 300 ದಾಟುತ್ತದೆ. 2 ಟನ್ನಿನ ಇಂಜಿನ್ ಹಾಯ್ಸ್ಟ್ (ಇಂಜಿನ್ ಎತ್ತುವ ಸಣ್ಣ ಕ್ರೇನ್) ತನ್ನಿ. ತೋಳು ಪೂರ್ತಿ ಚಾಚಿದಾಗ ಅದರ ಸಾಮರ್ಥ್ಯ ಕಾಲು ಭಾಗಕ್ಕೆ ಇಳಿಯುವುದು ಸಾಮಾನ್ಯ, ತೋಳಿನ ಮೇಲೆ ಬರೆದ ಅಂಕಿ ಓದಿಯೇ ಎತ್ತಿ. ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಬಿಚ್ಚಿದ ಚಕ್ರಗಳನ್ನೂ ಸಿಲ್ ಕೆಳಗೆ ತಳ್ಳಿಡಿ. ಮನೆಯಲ್ಲಿ ಯಾರಿಗಾದರೂ ಹೇಳಿ ಹೋಗಿ, ಫೋನ್ ಜೇಬಿನಲ್ಲಿರಲಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ವೆಲ್ಡಿಂಗ್ ಮಾಡುವ ಮುನ್ನ ವೈದ್ಯರನ್ನು ಕೇಳಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ತಗಡಿನ ಅಂಚಿನ ಒಂದು ಗೀರೂ ದೊಡ್ಡದೇ, ದಪ್ಪ ಕೈಗವಸು ತೆಗೆಯಬೇಡಿ.

ಹಳೆಯ ಬ್ರೇಕ್ ಶೂ, ಕ್ಲಚ್ ಪ್ಲೇಟಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಡ್ರಮ್ಮಿಗೆ ಏರ್ ಹಿಡಿದು ಊದಬೇಡಿ. ಒದ್ದೆ ಮಾಡಿ ಒರೆಸಿ, ನುಣ್ಣನೆಯ ಧೂಳನ್ನೂ ತಡೆಯುವ ಪಿ100 ಫಿಲ್ಟರಿನ ಮುಖವಾಡ ಧರಿಸಿ.

ತಗಡಿನ ಕೆಲಸ

ಬಿಚ್ಚಿದ ಪ್ರತಿ ಜೋಡಣೆಗೂ ಒಂದು ಜಿಪ್ ಚೀಲ, ಚೀಲದ ಮೇಲೆ ಪೆನ್ನಿನಲ್ಲಿ ಹೆಸರು, ಬಿಚ್ಚುವ ಮುಂಚಿನ ಎರಡು ಫೋಟೋ. ಹೊಸ ಭಾಗ ಬಂದು ಕೂರುವವರೆಗೆ ಹಳೆಯದನ್ನು ಎಸೆಯಬೇಡಿ. ಹೊಸದಾಗಿ ಮಾಡಿದ ಪ್ಯಾನೆಲ್ಲಿನ ತೂತುಗಳು ಒಂದೆರಡು ಮಿಲಿಮೀಟರ್ ಆಚೀಚೆ ಇರುವುದುಂಟು, ಹಳೆಯದೇ ಅದಕ್ಕೆ ಅಳತೆಗೋಲು.

ವೆಲ್ಡಿಂಗಿಗೆ ಮಿಗ್ ಯಂತ್ರ (ವೈರನ್ನು ತಾನೇ ಉಣಿಸುವಂಥದ್ದು), 0.023 ಇಂಚಿನ ವೈರ್, 75 ಭಾಗ ಆರ್ಗಾನ್ 25 ಭಾಗ ಕಾರ್ಬನ್ ಡೈಆಕ್ಸೈಡ್ ಗ್ಯಾಸ್. ಬ್ಯಾಟರಿ ಕಳಚಿಯೇ ಶುರುಮಾಡಿ. ಚಾಸಿಯಿಲ್ಲದ ಗಾಡಿಯಲ್ಲಿ ನೆಲವನ್ನೋ ಸಿಲ್ಲನ್ನೋ ಕತ್ತರಿಸುವ ಮೊದಲು ಬಾಗಿಲ ಕಂಡಿಗೆ 1 ಇಂಚಿನ ಚೌಕ ಪೈಪನ್ನು ಅಡ್ಡಕ್ಕೂ ಓರೆಗೂ ಬೆಸೆಯಿರಿ. ಇಲ್ಲವಾದರೆ ಬಾಡಿ ಕುಸಿದು ಮುಂದೆ ಬಾಗಿಲು ಮುಚ್ಚುವುದಿಲ್ಲ. ಹೊಸ ತಗಡನ್ನು ಸ್ಕ್ರೂ ಹಾಕಿ ತಾತ್ಕಾಲಿಕವಾಗಿ ನಿಲ್ಲಿಸಿ, ಬಾಗಿಲು ಹಾಕಿ ತೆಗೆದು ನೋಡಿ, ಸಂದು ಎರಡೂ ಕಡೆ ಸಮ ಬಂದ ಮೇಲಷ್ಟೇ ಬೆಸುಗೆ.

ಹೊರಮೈ ತಗಡಿನಲ್ಲಿ ಎಡವುವುದು ಎಲ್ಲರೂ ಒಂದೇ ಕಡೆ. ಉದ್ದಕ್ಕೆ ಒಂದೇ ಗೆರೆ ಎಳೆಯಬೇಕೆಂಬ ಆಸೆ, ಅಷ್ಟು ಶಾಖಕ್ಕೆ ತಗಡು ಅಲೆಯಂತೆ ಏಳುತ್ತದೆ. ಇಂಚಿಗೊಂದು ಚುಕ್ಕೆ ಇಡಿ. ಒಂದು ಈ ತುದಿಗೆ, ಮುಂದಿನದು ಆ ತುದಿಗೆ, ಮೂರನೆಯದು ನಡುವೆ. ಕೈ ಇಟ್ಟರೆ ತಡೆದುಕೊಳ್ಳುವಷ್ಟು ಆರಿದ ಮೇಲೆ ಚುಕ್ಕೆಗಳ ನಡುವೆ ಮತ್ತೆ ಚುಕ್ಕೆ. ಎರಡು ಅಡಿ ಸಂದಿಗೆ ಅರ್ಧ ದಿನ ಹಿಡಿದರೆ ಹಿಡಿಯಲಿ. ತಗಡಿನ ಮೇಲೆ ತಗಡು ಹೊದಿಸುವುದು ಸುಲಭ, ಆದರೆ ನಡುವೆ ನೀರು ನಿಂತು ಕೆಲವೇ ವರ್ಷಕ್ಕೆ ಅಲ್ಲೇ ಗುಳ್ಳೆ ಏಳುತ್ತದೆ. ಅಂಚಿಗೆ ಅಂಚು ಕೂಡಿಸಿ. ಪುಟ್ಟಿ 3 ಮಿಲಿಮೀಟರಿಗಿಂತ ದಪ್ಪ ಬೇಕೆನಿಸಿದರೆ ತಗಡಿನ ಕೆಲಸ ಇನ್ನೂ ಮುಗಿದಿಲ್ಲ.

ಎಪಾಕ್ಸಿ ಪ್ರೈಮರ್ ಮೇಲೆ ಪುಟ್ಟಿ ಉಜ್ಜುವುದು, ಉದ್ದ ಬ್ಲಾಕ್ ಹಿಡಿದು 180, 320, 400 ನಂಬರಿನ ಮರಳುಕಾಗದದಲ್ಲಿ ಸಮ ಮಾಡುವುದು ಮನೆಯಲ್ಲೇ ಆಗಲಿ. ಕೊನೆಯ ಬಣ್ಣವನ್ನು ಪೇಂಟ್ ಅಂಗಡಿಗೆ ಬಿಡಿ. ಗಟ್ಟಿಕಾರಕ ಬೆರೆಸುವ ಬಣ್ಣಗಳಲ್ಲಿ ಐಸೊಸಯನೇಟ್ ಇರುತ್ತದೆ, ಒಮ್ಮೆ ಅದು ಮೈಗೆ ಒಗ್ಗದಂತಾದರೆ ಅಸ್ತಮಾ ಬಿಡದೆ ಕಾಡುತ್ತದೆ. ಹೊರಗಿನ ಗಾಳಿಯನ್ನು ಪೈಪಿನಲ್ಲಿ ಪೂರೈಸುವ ಮುಖವಾಡ ಅದಕ್ಕೆ ಬೇಕು.

ಇಂಜಿನ್

ಸಿಲಿಂಡರ್ ಬೋರ್ ಮಾಡುವುದು (ಒಳಗೋಡೆ ಕೊರೆದು ಹಿಗ್ಗಿಸುವುದು), ಕ್ರ್ಯಾಂಕ್ ಗ್ರೈಂಡಿಂಗ್, ಬಿರುಕು ಪರೀಕ್ಷೆ ಮಷೀನ್ ಶಾಪಿನವರ ಕೆಲಸ. ಅಮೆರಿಕದಲ್ಲಿ 1996ರಿಂದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ನಿಷೇಧವಾಗಿದೆ. ಹಳೆಯ ಹೆಡ್ಡಿನ (ಸಿಲಿಂಡರ್‌ಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ಮೆದು ವಾಲ್ವ್ ಸೀಟುಗಳು ಸೀಸದ ಲೇಪವಿಲ್ಲದೆ ಭಾರದ ಓಟದಲ್ಲಿ ಸವೆಯುತ್ತವೆ. ಹೆಡ್ ಹೇಗೂ ಮಷೀನ್ ಶಾಪಿಗೆ ಹೋಗಿರುವಾಗ ಗಟ್ಟಿ ಸೀಟು ಹಾಕಿಸಿಬಿಡಿ.

ಜೋಡಣೆ ನಿಮ್ಮದೇ. ಬೇರಿಂಗ್ ಸಡಿಲಿಕೆ ಶಾಫ್ಟಿನ ವ್ಯಾಸದ ಪ್ರತಿ ಇಂಚಿಗೆ 0.001 ಇಂಚು, ಅಂದರೆ 350ರ ಮೇನ್ ಬೇರಿಂಗಿಗೆ ಸುಮಾರು 0.0025, ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಸಂದಿನ ಅಳತೆ ಕೊಡುವ ಪ್ಲಾಸ್ಟಿಕ್ ಎಳೆ) ಇಟ್ಟು ಅಳೆಯಿರಿ. ಪಿಸ್ಟನ್ ರಿಂಗಿನ ಬಾಯಿ (ಎರಡು ತುದಿಗಳ ನಡುವಿನ ಸಂದು) ಬೋರಿನ ಪ್ರತಿ ಇಂಚಿಗೆ 0.004, 4 ಇಂಚಿನ ಬೋರಿಗೆ 0.016. ಇದು ಕಮ್ಮಿಯಾದರೆ ಬಿಸಿಗೆ ರಿಂಗ್ ಹಿಗ್ಗಿ ತುದಿಗಳು ಕೂಡಿ ಸಿಲಿಂಡರ್ ಗೀಚುತ್ತವೆ. ಸ್ಮಾಲ್ ಬ್ಲಾಕಿನ ಹೆಡ್ ಬೋಲ್ಟುಗಳಿಗೆ 65 ಅಡಿ-ಪೌಂಡ್ ಬಿಗಿತ, ಮೂರು ಸುತ್ತಿನಲ್ಲಿ, ನಡುವಿನಿಂದ ಹೊರಕ್ಕೆ. ಆ ಬೋಲ್ಟುಗಳ ತುದಿ ನೀರಿನ ಜಾಕೆಟ್ಟಿಗೆ ತೆರೆದುಕೊಳ್ಳುತ್ತದೆ. ಎಳೆಗೆ ಸೀಲಂಟ್ ಹಚ್ಚದಿದ್ದರೆ ನೀರು ಜಿನುಗುತ್ತದೆ.

ಮೊದಲ ಸ್ಟಾರ್ಟಿನ ಅರ್ಧ ಗಂಟೆಯಲ್ಲೇ, ವಾಲ್ವ್ ತೆರೆಯಿಸುವ ಉಬ್ಬುಗಳಿರುವ ಹೊಸ ಕ್ಯಾಮ್‌ಶಾಫ್ಟ್ ಹಾಳಾಗುವುದಿದೆ. ಆ ಕಾಲದ ಇಂಜಿನ್ನುಗಳಲ್ಲಿ ಚಪ್ಪಟೆ ತಳದ ಲಿಫ್ಟರ್ (ಉಬ್ಬಿನ ಎತ್ತನ್ನು ವಾಲ್ವಿನತ್ತ ದಾಟಿಸುವ ತುಂಡು) ಕ್ಯಾಮಿನ ಮೇಲೆ ಉಜ್ಜಿಕೊಂಡೇ ಓಡುತ್ತದೆ. ಇಂದಿನ ಪ್ಯಾಸೆಂಜರ್ ಕಾರಿನ ಆಯಿಲ್‌ಗಳಲ್ಲಿ ಅದಕ್ಕೆ ಬೇಕಾದಷ್ಟು ಜಿಂಕ್ ಇರುವುದಿಲ್ಲ; 1000–1200 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಅಥವಾ ಹೆಚ್ಚಿರುವ ಬ್ರೇಕ್-ಇನ್ ಆಯಿಲ್ (ಹೊಸ ಇಂಜಿನ್ ಪಳಗಿಸುವಂಥದ್ದು) ತನ್ನಿ. ಕ್ಯಾಮಿನ ಉಬ್ಬುಗಳಿಗೂ ಲಿಫ್ಟರ್ ತಳಕ್ಕೂ ಮಾಲಿಬ್ಡಿನಂ ಪೇಸ್ಟ್ ಬಳಿಯಿರಿ. ಡಿಸ್ಟ್ರಿಬ್ಯೂಟರ್ ಜಾಗದಲ್ಲಿ ಪ್ರೈಮಿಂಗ್ ಸಲಾಕೆ ಇಳಿಸಿ ಡ್ರಿಲ್ಲಿನಿಂದ ಆಯಿಲ್ ಪಂಪ್ ತಿರುಗಿಸಿ, ವಾಲ್ವ್ ತಳ್ಳುವ ಹದಿನಾರೂ ರಾಕರ್‌ಗಳಿಗೆ ಆಯಿಲ್ ಏರುವವರೆಗೆ. ಕಾರ್ಬ್ಯುರೇಟರ್ ತುಂಬಿರಲಿ. ಒಂದನೇ ಸಿಲಿಂಡರಿನ ಪಿಸ್ಟನ್ ಕಂಪ್ರೆಶನ್ ಹೊಡೆತದಲ್ಲಿ ಮೇಲಿರುವಾಗಲೇ ಡಿಸ್ಟ್ರಿಬ್ಯೂಟರ್ ಕೂರಿಸಿ. ಎಕ್ಸಾಸ್ಟ್ ಹೊಡೆತದಲ್ಲಿ ಕೂರಿಸಿದರೆ 180 ಡಿಗ್ರಿ ತಪ್ಪಿ ಕಾರ್ಬ್ಯುರೇಟರಿನಿಂದ ಬೆಂಕಿ ಉಗುಳುತ್ತದೆ. ಷೆವರ್ಲೆ ಫೈರಿಂಗ್ ಕ್ರಮ (ಸಿಲಿಂಡರ್‌ಗಳು ಹೊತ್ತುವ ಸರದಿ) 1-8-4-3-6-5-7-2. ಹೊತ್ತಿದ ಕೂಡಲೇ ನಿಮಿಷಕ್ಕೆ 2000ರಿಂದ 2500 ಸುತ್ತಿಗೆ ಏರಿಸಿ, ಹೆಚ್ಚು ಕಮ್ಮಿ ಮಾಡುತ್ತಾ 20ರಿಂದ 30 ನಿಮಿಷ ಓಡಿಸಿ. ಕ್ಯಾಮಿಗೆ ಆಯಿಲ್ ಸಿಗುವುದು ಕ್ರ್ಯಾಂಕಿನಿಂದ ಚಿಮ್ಮಿ. ಐಡಲಿನಲ್ಲಿ (ಆಕ್ಸಿಲರೇಟರ್ ಒತ್ತದಿರುವಾಗಿನ ನಿಧಾನ ಓಟದಲ್ಲಿ) ಅದು ಸಾಕಷ್ಟು ಚಿಮ್ಮುವುದಿಲ್ಲ. ನೀರು ಸೋರಿದರೆ ಐಡಲ್ ಮಾಡಬೇಡಿ, ಪೂರ್ತಿ ಆರಿಸಿ, ಸರಿಮಾಡಿ ಮತ್ತೆ ಓಡಿಸಿ. ನಂತರ ಆಯಿಲ್ ಬದಲಿಸಿ, ಫಿಲ್ಟರ್ ಕತ್ತರಿಸಿ ಕಾಗದದ ಮಡಿಕೆ ಬಿಡಿಸಿ ನೋಡಿ. ಲೋಹದ ಹೊಳೆಯುವ ಚೂರುಗಳು ರಾಶಿಯಾಗಿದ್ದರೆ ಕ್ಯಾಮ್ ಹೋಗಿದೆ.

ಬ್ರೇಕ್, ಪೆಟ್ರೋಲ್, ವೈರಿಂಗ್

1967ರ ಮಾದರಿಗಿಂತ ಹಿಂದಿನ ಸಾಮಾನ್ಯ ಗಾಡಿಯಾದರೆ ಬ್ರೇಕಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ; ಎಲ್ಲೋ ಒಂದು ಪೈಪ್ ಒಡೆದರೂ ನಾಲ್ಕು ಚಕ್ರದ ಬ್ರೇಕೂ ಹೋಗುತ್ತದೆ. ಅಸಲಿತನ ಒಂದಿಷ್ಟು ಬಿಟ್ಟುಕೊಟ್ಟಾದರೂ ಎರಡು ಕೋಣೆಯದಕ್ಕೆ ಬದಲಿಸಿ. ಬ್ರೇಕ್ ಪೈಪ್ ಉಕ್ಕಿನದೇ ಇರಲಿ, ತಾಮ್ರ ಬೇಡ. ತುದಿಗೆ 45 ಡಿಗ್ರಿಯ ಡಬಲ್ ಫ್ಲೇರ್ (ಎರಡು ಪದರವಾಗಿ ಮಡಿಸಿ ಅಗಲಿಸಿದ ಬಾಯಿ). ಹಳೆಯ ರಬ್ಬರ್ ಇಂಧನ ಪೈಪುಗಳು ಎಥೆನಾಲ್ ಬೆರೆತ ಪೆಟ್ರೋಲಿಗೆ ಮೆತ್ತಗಾಗಿ ಬಿರಿಯುತ್ತವೆ, ಒಂದನ್ನೂ ಉಳಿಸಬೇಡಿ. ಚಾರ್ಜರ್, ರೋಡ್ ರನ್ನರ್‌ಗಳಲ್ಲಿ ಚಾರ್ಜಿಂಗ್ ಕರೆಂಟ್ ಡ್ಯಾಶಿನ ಆಮ್ಮೀಟರ್ (ಕರೆಂಟ್ ಅಳೆಯುವ ಮೀಟರ್) ಮೂಲಕ ಹಾದುಹೋಗುತ್ತದೆ. ಆ ವೈರ್ ದಾಟುವ ಫೈರ್‌ವಾಲಿನ (ಇಂಜಿನ್ ಕೋಣೆಗೂ ಕೂರುವ ಜಾಗಕ್ಕೂ ನಡುವಿನ ತಗಡು) ಕನೆಕ್ಟರ್ ಸಡಿಲವಾಗಿ ಕಾದು ಕರಗುವುದುಂಟು. ಪ್ಲಾಸ್ಟಿಕ್ ಕಂದಾಗಿದ್ದರೆ ಹೊಸ ಹಾರ್ನೆಸ್ (ವೈರುಗಳ ಕಟ್ಟು) ಹಾಕಿ.

ಟೈರಿನ ಪಕ್ಕದ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಹತ್ತು ವರ್ಷ ದಾಟಿದ ಟೈರಿನಲ್ಲಿ, ಅದರ ಮೇಲಿನ ಗೆರೆಗಳು ಎಷ್ಟೇ ಆಳವಿದ್ದರೂ, ರಸ್ತೆಗಿಳಿಯಬೇಡಿ. ಮೊದಲ ಓಟ ಮನೆಯ ಸುತ್ತಲಷ್ಟೇ. 50 ಮೈಲಿಯಾದ ಮೇಲೆ ಚಕ್ರದ ನಟ್ಟು, ಸ್ಟೀರಿಂಗ್ ಜೋಡಣೆ, ಎಕ್ಸಾಸ್ಟ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಕೆಳಗೆ ಒಂದು ರಟ್ಟು ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಅದರ ಮೇಲೆ ಬಿದ್ದ ಹನಿ ಕೆಂಪಿದ್ದರೆ ಗೇರ್ ಬಾಕ್ಸಿನದು, ಹಸಿರಿದ್ದರೆ ರೇಡಿಯೇಟರಿನದು, ಚಕ್ರದ ಒಳಬದಿಯಲ್ಲಿ ತಿಳಿಯಾಗಿದ್ದರೆ ಬ್ರೇಕಿನದು. ಆ ಕೊನೆಯದು ಕಂಡರೆ ಕೀಲಿ ತೆಗೆದಿಟ್ಟು, ಸರಿಮಾಡಿದ ಮೇಲೆಯೇ ಹೊರಡಿ.